ಇಪ್ಪತ್ತು ಗಿಡ, ಒಂದು ಲೋಟ ಕಾಫಿ

ಮನೆಯೊಳಗೆ ಉಳಿತಾಯ ಒಂದು ಸಲ ಹೊಕ್ಕರೆ ಇಂಥವು ಆಗುತ್ತಲೇ ಇರುತ್ತವೆ. ನಿಲ್ಲುವುದಿಲ್ಲ. ನಿಲ್ಲಿಸಲು ಹೋಗಿ ಸುಸ್ತಾಗಿದ್ದೇನೆ. ಅದಕ್ಕೇ ಬರೆದಿಡುತ್ತಿದ್ದೇನೆ.

ಮಾದಾಪುರದ ಹತ್ತಿರ ಒಂದು ಎಸ್ಟೇಟಿನಲ್ಲಿ ನಲವತ್ತು ವರ್ಷ ರೈಟರ್ ಆಗಿದ್ದೆ. ರೈಟರ್ ಎಂದರೆ ಕತೆ ಬರೆಯುವವನಲ್ಲ. ಬೆಳಿಗ್ಗೆ ಆಳುಗಳ ಲೈನ್ ಮನೆಗಳ ಮುಂದೆ ನಿಂತು ಹಾಜರಿ ಹಿಡಿಯುವವನು. ಸಂಜೆ ಕೊಯ್ದ ಕಾಫಿ ತೂಗಿಸುವವನು. ತಿಂಗಳಿಗೊಮ್ಮೆ ಎಸ್ಟೇಟಿನವರು ಕಾಫಿ ಪುಡಿ ಕೊಡುತ್ತಿದ್ದರು. ಕೆಲಸ ಬಿಟ್ಟ ತಿಂಗಳು ಪುಡಿಯೂ ನಿಂತಿತು.

ಈಗ ಸಣ್ಣ ಮನೆ. ನಾನು, ಹೆಂಡತಿ. ಹಿತ್ತಲಲ್ಲಿ ಇಪ್ಪತ್ತು ಕಾಫಿ ಗಿಡ. ಪಿಂಚಣಿ ಇಲ್ಲ. ಕಾಫಿಗೆ ಬೆಲೆ ಏರಿದಾಗ ಊರಿಗೆಲ್ಲ ಖುಷಿ. ನಮ್ಮ ಮನೆಯಲ್ಲಿ ಅವತ್ತೇ ತೀರ್ಮಾನ ಆಯಿತು.

"ರೀ, ಇನ್ಮೇಲೆ ಗಿಡದ ಕಾಫಿ ಒಂದು ಬೀಜಾನೂ ಮನೆಗಿಲ್ಲ. ಎಲ್ಲ ಮಾರೋದು. ಅಕ್ಕಿ, ಗ್ಯಾಸು, ನಿಮ್ಮ ಬಿ.ಪಿ. ಮಾತ್ರೆ ಎಲ್ಲ ಅದರಲ್ಲೇ ಆಗ್ಬೇಕು."

"ಕುಡಿಯೋಕೆ?"

"ಅಂಗಡಿ ಪುಡಿ. ಚಿಕೋರಿ ಹಾಕಿದ್ದು. ಹಾಲು ಬೇಡ, ಬೆಲ್ಲ ಹಾಕ್ಕೊಳ್ಳಿ."

ಅವಳ ತಪ್ಪಿಲ್ಲ. ಬರುವುದು ಒಂದು ಕಡೆಯಿಂದ, ಹೋಗುವುದು ಹತ್ತು ಕಡೆಗೆ. ಸಾಬೂನಿನ ಚೂರುಗಳನ್ನು ಒತ್ತಿ ಉಂಡೆ ಮಾಡಿದಳು, ಒಪ್ಪಿದೆ. ಪೇಸ್ಟಿನ ಟ್ಯೂಬನ್ನು ಕತ್ತರಿಸಿ ಒಳಗೆ ಬ್ರಷ್ ಹಾಕಿ ಎಂದಳು, ಹಾಕಿದೆ. ನನ್ನದು ಒಂದೇ ಒಂದು ಆಸೆ. ದಿನಕ್ಕೆ ಒಂದು ಲೋಟ ಕಾಫಿ. ಹಾಲು ಹಾಕಿದ್ದು, ಚಿಕೋರಿ ಇಲ್ಲದ್ದು. ನಲವತ್ತು ವರ್ಷ ಕುಡಿದ ನಾಲಿಗೆ. ಅದಕ್ಕೆ ಉಳಿತಾಯ ಅರ್ಥವಾಗುವುದಿಲ್ಲ.

ಕಂಬಳಿ

ಗ್ಯಾಸ್ ಉಳಿಸಲು ಹೆಂಡತಿ ಒಂದು ಉಪಾಯ ಕಂಡುಕೊಂಡಳು. ಅನ್ನ ಚೆನ್ನಾಗಿ ಒಂದು ಕುದಿ ಬಂದರೆ ಒಲೆ ಆರಿಸುತ್ತಾಳೆ. ಪಾತ್ರೆಗೆ ಮುಚ್ಚಳ ಹಾಕಿ, ಬಟ್ಟೆ ಸುತ್ತಿ, ನನ್ನ ಹಾಸಿಗೆಯಲ್ಲಿಟ್ಟು ಕಂಬಳಿ ಹೊದಿಸುತ್ತಾಳೆ. ಒಳಗಿನ ಬಿಸಿಗೇ ಅನ್ನ ಆಗುತ್ತದೆ. ನಿಜವಾಗಿ ಆಗುತ್ತದೆ. ಸುಳ್ಳು ಹೇಳಬಾರದು.

ಜುಲೈ ತಿಂಗಳು. ಬಿಡದ ಮಳೆ. ನನಗೆ ಚಳಿ ಜ್ವರ ಬಂತು. ಮಲಗೋಣ ಎಂದು ಹೋದರೆ ಹಾಸಿಗೆ ಖಾಲಿ ಇಲ್ಲ. ಕುರ್ಚಿಯ ಮೇಲೆ ಟವೆಲ್ ಹೊದ್ದು ನಡುಗುತ್ತಾ ಕೂತೆ.

ಆಗ ಪಕ್ಕದ ಮನೆಯಾಕೆ ಬಂದಳು. ಅವಳು ಹಿಂದೆ ನಮ್ಮ ಎಸ್ಟೇಟಿನಲ್ಲೇ ಕಾಫಿ ಕೊಯ್ಯುವ ಪಿಕ್ಕಿಂಗ್ ಕೆಲಸ ಮಾಡುತ್ತಿದ್ದವಳು. ಈಗಲೂ ನನ್ನನ್ನು ರೈಟ್ರೇ ಎಂದೇ ಕರೆಯುವುದು. ಹಾಸಿಗೆ ನೋಡಿ ಬಾಗಿಲಲ್ಲೇ ನಿಂತಳು.

"ಅಯ್ಯೋ, ಯಾರಿಗಕ್ಕ ಹುಷಾರಿಲ್ಲ?"

"ಇವರಿಗೆ ಜ್ವರ" ಎಂದು ಹೆಂಡತಿ ನನ್ನ ಕಡೆ ಕೈ ತೋರಿಸಿದಳು.

"ಮತ್ತೆ ಮಲಗಿರೋದು?"

"ಅದು ಅನ್ನ."

ಹೆಂಡತಿ ನನ್ನ ಹಣೆ ಮುಟ್ಟಿ ನೋಡಿದಳು. ಪ್ರೀತಿಯಿಂದಲೇ ಹೇಳಿದಳು: "ಇನ್ನೊಂದು ಅರ್ಧ ಗಂಟೆ ತಡ್ಕೊಳ್ಳಿ. ಅದು ಎದ್ದ ಮೇಲೆ ನೀವು ಮಲಗಿ."

ನೆಂಟರು

ಆ ಜ್ವರದಲ್ಲಿ ಒಂದು ಲಾಭ ಆಯಿತು. ಅಡುಗೆಮನೆಯ ಮೇಲಿನ ಹಲಗೆಯಲ್ಲಿ ಒಂದು ಡಬ್ಬಿ ಇದೆ ಎಂದು ಗೊತ್ತಾಯಿತು. ಒಳಗೆ ಚಿಕೋರಿ ಇಲ್ಲದ ಕಾಫಿ ಪುಡಿ. ಮನೆಗೆ ಬಂದವರಿಗೆ ಮಾತ್ರ. ಪಕ್ಕದ ಮನೆಯಾಕೆಗೆ ಅದರಲ್ಲೇ ಕಾಫಿ ಮಾಡಿದಳು. ಬಂದವರ ಎದುರಿಗೆ ಗಂಡನಿಗೆ ಬೇರೆ ಕೊಟ್ಟರೆ ಚೆನ್ನಾಗಿರುವುದಿಲ್ಲ ಎಂದು ನನಗೂ ಒಂದು ಲೋಟ ಬಂತು. ಜ್ವರ ಅರ್ಧ ಇಳಿಯಿತು.

ಅಂದರೆ ಮನೆಗೆ ಯಾರಾದರೂ ಬರಬೇಕು. ಅಷ್ಟೇ.

ಮರುದಿನ ಕರೆಂಟ್ ಮೀಟರ್ ನೋಡಲು ಬಂದವನನ್ನು ಕೂರಿಸಿದೆ. ಕಾಫಿ ಬಂತು. ಅದರ ಮರುದಿನ ಬೈಕಿನಲ್ಲಿ ಮೀನು ಮಾರುವವನು. ಕಾಫಿ ಬಂತು. ಮೂರನೇ ದಿನ ದಾರಿ ಕೇಳಿದ ಲಾರಿ ಡ್ರೈವರ್. ಕಾಫಿ ಬಂತು, ಹೆಂಡತಿಯ ಮುಖದಲ್ಲಿ ನಗು ಬರಲಿಲ್ಲ.

ನಾಲ್ಕನೇ ದಿನ ಯಾರೂ ಸಿಗಲಿಲ್ಲ. ಕೊಡೆ ಹಿಡಿದು ರಸ್ತೆಯಲ್ಲಿ ನಿಂತೆ. ಬ್ಯಾಗು ನೇತುಹಾಕಿಕೊಂಡ ಒಬ್ಬರು ಸ್ಕೂಟರಿನಲ್ಲಿ ಬಂದರು. ಕೈ ಅಡ್ಡ ಹಾಕಿದೆ.

"ಬನ್ನಿ, ಕಾಫಿ ಕುಡ್ಕೊಂಡು ಹೋಗಿ."

"ನೀವು ಯಾರು ಅಂತ ಗೊತ್ತಾಗ್ಲಿಲ್ಲ."

"ಗೊತ್ತಾಗೋದು ಬೇಡ. ಬನ್ನಿ."

ಹೆಂಡತಿ ಕೇಳಿದಳು: "ಯಾರ್ರೀ ಇವರು?"

"ನೆಂಟರು."

"ಯಾವ ಕಡೆ?"

ನಾನು ಅವರ ಮುಖ ನೋಡಿದೆ. ಅವರು ನನ್ನ ಮುಖ ನೋಡಿದರು. "ಸುಂಟಿಕೊಪ್ಪದ ಕಡೆ" ಎಂದರು ಅವರು. ಅದು ಮಾತ್ರ ನಿಜ.

ಆಮೇಲೆ ತಿಳಿಯಿತು, ಅವರು ವಿಮೆ ಮಾಡಿಸುವ ಏಜೆಂಟ್. ಅವರನ್ನು ಕರೆದು ಕೂರಿಸಿ ಕಾಫಿ ಕೊಟ್ಟವರು ಕೊಡಗಿನಲ್ಲಿ ನಾನೊಬ್ಬನೇ ಇರಬೇಕು. ಕಣ್ಣಲ್ಲಿ ನೀರು ತುಂಬಿಕೊಂಡು ಬ್ಯಾಗು ಬಿಚ್ಚಿದರು. ಒಂದೂವರೆ ಗಂಟೆ ವಿವರಿಸಿದರು. ಎರಡು ಸಲ ಕಾಫಿ ಕುಡಿದರು. ಕೊನೆಗೆ ನನ್ನ ವಯಸ್ಸು ಕೇಳಿದರು. ಹೇಳಿದೆ.

ಕಾಗದಗಳನ್ನು ಒಂದೊಂದಾಗಿ ಒಳಗಿಟ್ಟರು. "ನಿಮಗೆ ಯಾವ ಪಾಲಿಸಿಯೂ ಆಗಲ್ಲ ಸಾರ್" ಎಂದರು. "ಕಾಫಿ ಮಾತ್ರ ಬಹಳ ಚೆನ್ನಾಗಿತ್ತು."

ಬಲ್ಬು

ಏಜೆಂಟ್ ಹೋದ ಮೇಲೆ ಕಾನೂನು ಬದಲಾಯಿತು. ಯಾರೇ ಬರಲಿ, ಡಬ್ಬಿಯ ಕಾಫಿ ಅವರಿಗೆ ಮಾತ್ರ. ನನಗೆ ಅವರೆದುರಿಗೇ ಕರಿ ಕಾಫಿ, ಬೆಲ್ಲದ್ದು. ಯಾರಾದರೂ ಕೇಳಿದರೆ, "ಇವರಿಗೆ ಹಾಲು ಆಗಲ್ಲ" ಎನ್ನುತ್ತಾಳೆ.

ಒಂದು ಸಂಜೆ ಹಾರಂಗಿ ಕಡೆಯಿಂದ ಬೀಗರು ಬಂದರು, ಮಗಳ ಮಾವ. ಮೋಡ ಕವಿದು ಐದು ಗಂಟೆಗೇ ಕತ್ತಲಾಗಿತ್ತು. ಅವರ ಮುಂದೆ ಹಾಲಿನ ಕಾಫಿ. ನೊರೆ ಲೋಟದ ಮೇಲೆ ನಿಂತಿತ್ತು. ನನ್ನ ಮುಂದೆ ಕರಿ ಕಾಫಿ. ಎರಡೂ ಸ್ಟೀಲ್ ಲೋಟ.

ಬೀಗರು ಒಂದು ಗುಟುಕೂ ಕುಡಿಯದೆ ಎದ್ದರು. "ಬಚ್ಚಲು ಎಲ್ಲಿ ಬೀಗರೇ?"

ನಮ್ಮ ಮನೆಯಲ್ಲಿ ಆಗ ಇದ್ದದ್ದು ಒಂದೇ ಬಲ್ಬು. ಬೇಕಾದ ಕಡೆ ಹಾಕಿಕೊಳ್ಳುವುದು. ಹೆಂಡತಿ ಸ್ಟೂಲು ಹತ್ತಿ ಹಜಾರದ ಬಲ್ಬು ಬಿಚ್ಚಿದಳು. ಸೆರಗಿನಲ್ಲಿ ಒರೆಸಿ ಬೀಗರ ಕೈಗೆ ಕೊಟ್ಟಳು. "ಅಲ್ಲಿ ಹೋಲ್ಡರ್ ಇದೆ. ಹಾಕ್ಕೊಳ್ಳಿ. ಬರ್ತಾ ಮರೀದೆ ತನ್ನಿ."

ಬೀಗರು ಬಲ್ಬನ್ನು ದೇವರ ಪ್ರಸಾದದ ಹಾಗೆ ಎರಡೂ ಕೈಯಲ್ಲಿ ಹಿಡಿದು ಹೋದರು. ಹಜಾರ ಕತ್ತಲೆ. ಹೆಂಡತಿ ಒಂದು ಮೂಲೆಯಲ್ಲಿ. ನಾನು ಎರಡು ಲೋಟಗಳ ಮುಂದೆ.

ಮನುಷ್ಯ ಎಷ್ಟು ಅಂತ ತಡೆಯುತ್ತಾನೆ? ಲೋಟ ಅದಲು ಬದಲು ಮಾಡಿದೆ. ಒಂದೇ ಗುಟುಕಿಗೆ ಮುಗಿಸಿದೆ. ನಾಲಿಗೆ ಸುಟ್ಟಿತು. ಸುಡಲಿ.

ಬೀಗರು ಬಂದರು. ಹೆಂಡತಿ ಬಲ್ಬು ಹಾಕಿದಳು. ಬೀಗರು ಲೋಟದೊಳಗೆ ನೋಡಿದರು. "ಬೀಗಿತ್ತಿಯವರೇ, ಆಗ ಹಾಲು ಇದ್ದ ಹಾಗೆ ಇತ್ತಲ್ಲ?"

ಹೆಂಡತಿ ಲೋಟ ನೋಡಲಿಲ್ಲ. ನನ್ನ ಮುಖ ನೋಡಿದಳು. ಬೀಗರೂ ನೋಡಿದರು. ಮೀಸೆಯ ಮೇಲೆ ನೊರೆ ಇನ್ನೂ ಆರಿರಲಿಲ್ಲ.

ಪಂಚೆ

ಡಬ್ಬಿ ಎಲ್ಲಿಗೆ ಹೋಯಿತೋ ಗೊತ್ತಿಲ್ಲ. ಹಲಗೆಯ ಮೇಲಂತೂ ಇಲ್ಲ. ಅಷ್ಟರಲ್ಲಿ ಗಿಡಗಳಲ್ಲಿ ಕಾಫಿ ಹಣ್ಣಾಯಿತು. ಕೊಯ್ಯಲು ಪಕ್ಕದ ಮನೆಯಾಕೆ ಬಂದಳು. ನಾನೂ ಒಂದು ಬುಟ್ಟಿ ಹಿಡಿದೆ.

ಎಸ್ಟೇಟಿನಲ್ಲಿ ಪಿಕ್ಕಿಂಗ್ ಮುಗಿದ ಮೇಲೆ ನಾನು ತಕ್ಕಡಿಯ ಪಕ್ಕ ನಿಂತಿರುತ್ತಿದ್ದೆ. ಮಡಿಲಲ್ಲಿ, ಸೆರಗಿನಲ್ಲಿ ಯಾರಾದರೂ ಹಣ್ಣು ಕಟ್ಟಿಕೊಂಡು ಹೋಗುತ್ತಾರೋ ಎಂದು ನೋಡುವುದು ನನ್ನ ಕೆಲಸ. "ಮಡಿಲು ಕೊಡವು" ಎಂದರೆ ಕೊಡವಬೇಕು. ಒಂದು ಹಿಡಿ ಬಿದ್ದರೂ ಬೈಗುಳ. ಕಣ್ಣು ತಪ್ಪಿಸಿ ಹೋದವರಿಲ್ಲ. ಹಾಗಾಗಿ ಹೇಗೆ ಅಡಗಿಸಬೇಕು ಎಂದು ನನ್ನಷ್ಟು ಗೊತ್ತಿರುವವನೂ ಇಲ್ಲ.

ಬುಟ್ಟಿಗೆ ನಾಲ್ಕು ಹಿಡಿ, ಪಂಚೆಯ ಮಡಿಕೆಗೆ ಒಂದು ಹಿಡಿ. ಒಣಗಿಸಿ, ಕುಟ್ಟಿ, ಹುರಿದರೆ ಒಂದು ತಿಂಗಳು ಬರುತ್ತಿತ್ತು. ನನ್ನದೇ ಗಿಡ. ನನ್ನದೇ ಪಂಚೆ. ಆದರೂ ಪ್ರತಿ ಹಿಡಿಗೂ ಹಿಂದೆ ತಿರುಗಿ ನೋಡಿದೆ.

ಸಂಜೆ ಹೆಂಡತಿ ತೂಕಕ್ಕೆ ಕೂತಳು. ನಾನು ಬುಟ್ಟಿ ಇಳಿಸಿ ಮೆಲ್ಲಗೆ ಮನೆಯ ಕಡೆ ತಿರುಗಿದೆ.

"ರೈಟ್ರೇ" ಎಂದಳು ಪಕ್ಕದ ಮನೆಯಾಕೆ.

ನಿಂತೆ.

"ಬೆಳಿಗ್ಗೆ ಬರುವಾಗ ಸಣ್ಣಗಿದ್ರಿ."

ಪಂಚೆ ಬಿಗಿಯಾಗಿ ಹಿಡಿದೆ.

ಅವಳು ಸೊಂಟದ ಮೇಲೆ ಕೈ ಇಟ್ಟಳು. ತಕ್ಕಡಿಯ ಪಕ್ಕ ನಾನು ನಿಲ್ಲುತ್ತಿದ್ದ ಹಾಗೇ ನಿಂತಳು. ನನ್ನದೇ ದನಿಯಲ್ಲಿ ಹೇಳಿದಳು: "ಪಂಚೆ ಕೊಡವು!"

ಕೊಡವಿದೆ. ಹಣ್ಣು ಬೀಳುವುದು ನಿಲ್ಲುವವರೆಗೂ ಇಬ್ಬರೂ ಕಾದರು. ಬಹಳ ಹೊತ್ತು ಬಿತ್ತು. "ಇಪ್ಪತ್ತು ವರ್ಷ ಕಾದಿದ್ದೆ ಅಕ್ಕ" ಎಂದಳು ಪಕ್ಕದ ಮನೆಯಾಕೆ. "ಇವತ್ತಿನ ಕೂಲಿ ಬೇಡ."

ಕಬ್ಬೆಕ್ಕು

ಅರ್ಧ ಗಿಡಗಳಲ್ಲಿ ಇನ್ನೂ ಹಣ್ಣಿತ್ತು. ಒಂದು ಬೆಳಿಗ್ಗೆ ಹಿತ್ತಲ ಕಲ್ಲಿನ ಮೇಲೆ ಕಬ್ಬೆಕ್ಕಿನ ಹಿಕ್ಕೆ ಕಂಡೆ. ಪುನುಗಿನ ಜಾತಿಯ ಈ ಕಾಡುಬೆಕ್ಕು ರಾತ್ರಿ ಬಂದು ಹಣ್ಣು ತಿನ್ನುತ್ತದೆ. ತಿರುಳು ಅದರ ಹೊಟ್ಟೆಗೆ, ಬೀಜ ಕಲ್ಲಿನ ಮೇಲೆ. ಎಸ್ಟೇಟಿನ ಹಳಬರು ಈ ಬೀಜ ಹೆಕ್ಕಿ, ತೊಳೆದು, ಕಾಫಿ ಮಾಡಿಕೊಳ್ಳುತ್ತಿದ್ದರು. ಕಬ್ಬೆಕ್ಕು ಕೆಟ್ಟ ಹಣ್ಣು ಮುಟ್ಟುವುದಿಲ್ಲ ಎನ್ನುತ್ತಿದ್ದರು.

ಯೋಚಿಸಿದೆ. ಗಿಡದ ಕಾಫಿ ಹೆಂಡತಿಯದು. ಒಪ್ಪಿದೆ. ಆದರೆ ಇದು ಗಿಡದ್ದಲ್ಲ. ಬೆಕ್ಕಿನದು.

ದಿನಾ ಹೆಂಡತಿ ಏಳುವ ಮೊದಲು ಹೆಕ್ಕಿದೆ. ಏಳು ನೀರಿನಲ್ಲಿ ತೊಳೆದೆ. ಮಾಡಿನ ಮೇಲೆ ಒಣಗಿಸಿದೆ. ಒಂದು ಡಬ್ಬಿ ಆಗುವಷ್ಟು ಕೂಡಿತು. ಹೆಂಡತಿ ಮಹಿಳಾ ಸಂಘದ ಮೀಟಿಂಗಿಗೆ ಹೋದ ದಿನ ಕುಟ್ಟಿ, ಹುರಿದು, ಪುಡಿ ಮಾಡಿದೆ. ಹಾಲು ಕಾಯಿಸಿದೆ. ಒಂದು ಲೋಟ ಮಾಡಿಕೊಂಡು ಜಗುಲಿಯಲ್ಲಿ ಕೂತೆ. ಆ ವಾಸನೆಗೆ ನನ್ನ ಹಳೇ ನೌಕರಿಯೇ ವಾಪಸ್ ಬಂದ ಹಾಗಾಯಿತು.

ಲೋಟ ತುಟಿಯ ಹತ್ತಿರ ತಂದಿದ್ದೆ.

"ಅಂಕಲ್, ಎಂಥಾ ಸ್ಮೆಲ್!" ಗೇಟಿನಲ್ಲಿ ಒಬ್ಬ ಪ್ರವಾಸಿ. ಹತ್ತಿರದ ಹೋಂಸ್ಟೇಯವನು. ಕುತ್ತಿಗೆಯಲ್ಲಿ ಕ್ಯಾಮೆರಾ. ಅವನ ಹಿಂದೆಯೇ ಹೆಂಡತಿ. ಮೀಟಿಂಗ್ ಬೇಗ ಮುಗಿದಿತ್ತು.

"ಬಂದವರನ್ನ ನಿಲ್ಲಿಸಿ ಒಬ್ಬರೇ ಕುಡಿಯೋದಾ?" ಎಂದವಳು ನನ್ನ ಕೈಯಿಂದ ಲೋಟ ತೆಗೆದು ಅವನಿಗೆ ಕೊಟ್ಟಳು. ಅವನು ಒಂದು ಗುಟುಕು ಕುಡಿದ. ಆಮೇಲೆ ಅವಳಿಗೂ ವಾಸನೆ ಬಂತು. "ಈ ಪುಡಿ ಎಲ್ಲಿಂದ ಬಂತು?"

ಸತ್ಯ ಹೇಳಿದರೆ ಅವನು ಲೋಟ ಕೆಳಗಿಡುತ್ತಾನೆ, ನನಗೆ ವಾಪಸ್ ಸಿಗುತ್ತದೆ ಎಂದು ಲೆಕ್ಕ ಹಾಕಿದೆ. "ಕಬ್ಬೆಕ್ಕು ತಿಂದು ಹಿಂದಿನಿಂದ ಬಿಟ್ಟದ್ದು" ಎಂದೆ. ಸ್ವಲ್ಪ ಜೋರಾಗಿಯೇ.

"ಅಯ್ಯೋ ಶಿವನೇ!" ಹೆಂಡತಿ ಹಣೆ ಬಡಿದುಕೊಂಡಳು. "ಪರವೂರಿನವರಿಗೆ! ಉಗೀರಿ ತಮ್ಮ, ಉಗೀರಿ!"

ಅವನು ಉಗಿಯಲಿಲ್ಲ. ಕಣ್ಣರಳಿಸಿದ. "ಸಿವೆಟ್ ಕಾಫಿನಾ? ಒರಿಜಿನಲ್ಲಾ?"

"ಬೆಕ್ಕು ಒರಿಜಿನಲ್" ಎಂದೆ.

ಸಿವೆಟ್ ಎಂದರೆ ಕಬ್ಬೆಕ್ಕು. ಮಡಿಕೇರಿಯ ಅಂಗಡಿಗಳಲ್ಲಿ ಈ ಹೆಸರಿನ ದುಬಾರಿ ಕಾಫಿಯ ಬೋರ್ಡು ನೋಡಿದ್ದೆ. ಪ್ರವಾಸಿಗರಿಗೆ ಮಾಡುವ ತಮಾಷೆ ಎಂದುಕೊಂಡಿದ್ದೆ. ಅವನು ಡಬ್ಬಿ ಸಮೇತ ಬೇಕು ಎಂದ. ಕೊಟ್ಟ ಹಣ ನೋಡಿ ಹೆಂಡತಿ ಮೆಟ್ಟಿಲ ಮೇಲೆ ಕೂತಳು. ನಮ್ಮ ಮನೆ ಒಂದು ಡಬ್ಬಿ ಪುಡಿಗೆ ಅಷ್ಟು ಹಣ ಯಾವತ್ತೂ ಕಂಡಿರಲಿಲ್ಲ. ಆಮೇಲೆ ಸೆರಗು ಸರಿಮಾಡಿಕೊಂಡು ಎದ್ದಳು.

"ಇನ್ನೊಂದು ಲೋಟ ಮಾಡ್ಲಾ ತಮ್ಮ?"

ಮಾಡಿದಳು. ಅದನ್ನೂ ಅವನೇ ಕುಡಿದ. ಡಬ್ಬಿ ಅವನ ಬ್ಯಾಗಿಗೆ ಹೋಯಿತು. ನನಗೆ ಒಂದು ಹನಿ ಉಳಿಯಲಿಲ್ಲ.

ಅವತ್ತಿನಿಂದ ಹೊಸ ಕಾನೂನು. ಕೆಂಪು ಹಣ್ಣು ಕಬ್ಬೆಕ್ಕಿಗೇ ಬಿಡಬೇಕು, ಯಾರೂ ಕೊಯ್ಯಬಾರದು. ಪಕ್ಕದ ಮನೆಯಾಕೆ ತನ್ನ ನಾಯಿಯನ್ನು ಸಂಜೆಯಿಂದಲೇ ಕಟ್ಟಬೇಕು. ಹಿತ್ತಲಲ್ಲಿ ನಾನು ಕೆಮ್ಮಬಾರದು. ಕಲ್ಲನ್ನು ಹೆಂಡತಿ ದಿನಾ ತೊಳೆದಿಡುತ್ತಾಳೆ. ಬಂದವರು ಸಂಕೋಚಪಡಬಾರದಲ್ಲ.

"ನನಗೆ?" ಎಂದು ಕೇಳಿದೆ.

"ಅದು ತಿನ್ನದೆ ಬಿಟ್ಟ ಹಣ್ಣು ಇದೆಯಲ್ಲ, ಹುಳ ಹೊಡೆದದ್ದು, ಮುರುಟಿದ್ದು. ಅದೆಲ್ಲ ನಿಮಗೇ. ಬೇಡ ಅಂದೋರು ಯಾರು? ಚಿಕೋರಿ ಹಾಕಲ್ಲ."

ಅದನ್ನೇ ಕುಡಿಯುತ್ತಿದ್ದೇನೆ. ಚಿಕೋರಿ ಇಲ್ಲ, ಅಷ್ಟು ಗೆದ್ದಿದ್ದೇನೆ. ನಮ್ಮ ಮನೆಯಲ್ಲಿ ಈಗ ಒಳ್ಳೆಯ ಕಾಫಿ ಸಿಗುವುದು ಒಬ್ಬರಿಗೆ ಮಾತ್ರ. ಅವರಿಗೆ ಬಾಲ ಇದೆ.