ಬಣ್ಣ ನೋಡಿ ಆರಿಸಿದ ಇಲಿಮಜ್ಜೆ

ಸಂಶೋಧನೆಯ ವಿಷಯವನ್ನು ಮನೆಯಲ್ಲಿ ವಿವರಿಸುವ ಅಗತ್ಯವಿಲ್ಲ ಎಂದು ನಾನು ಹಿಂದೆಯೇ ತೀರ್ಮಾನಿಸಿದ್ದೆ. ವಿಕಿರಣ ತಾಗಿದ ಇಲಿಗಳ ಮೂಳೆಮಜ್ಜೆಯಲ್ಲಿ ರಕ್ತ ಹುಟ್ಟಿಸುವ ಕೋಶಗಳು ಎಷ್ಟು ಉಳಿದಿವೆ ಎಂದು ಎಣಿಸುವುದು ನನ್ನ ಕೆಲಸ. ಕೋಶಗಳಿಗೆ ಬಣ್ಣ ಹಿಡಿಸಿದ ನಲವತ್ತು ಗಾಜಿನ ಸ್ಲೈಡು. ಅರ್ಧ ವಿಕಿರಣ ತಾಗಿದ ಇಲಿಗಳವು, ಅರ್ಧ ತಾಗದವು. ಯಾವುದು ಯಾವುದೆಂದು ಎಣಿಸುವವಳಿಗೆ ಗೊತ್ತಿರಬಾರದು. ಗೊತ್ತಿದ್ದರೆ ಕಣ್ಣು ತನಗೆ ಬೇಕಾದ್ದನ್ನೇ ನೋಡುತ್ತದೆ. ಶುಕ್ರವಾರ ರಾಣೆಬೆನ್ನೂರಿನಲ್ಲಿ ಗೈಡ್ ಮೇಡಂ ಮುಂದೆ ಫಲಿತಾಂಶ ಒಪ್ಪಿಸಬೇಕು. ತಪ್ಪಿದರೆ ಪ್ರಬಂಧ ಆರು ತಿಂಗಳು ಮುಂದಕ್ಕೆ!

ಹೆಸರು ಮುಚ್ಚಿ ಹೊಸ ಸಂಖ್ಯೆ ಅಂಟಿಸಲು ಅಪ್ಪಾಜಿಗಿಂತ ಯೋಗ್ಯರು ಯಾರು? ಬ್ಯಾಡಗಿಯಲ್ಲಿ ಅವರದು ಮೆಣಸಿನಕಾಯಿ ದಲಾಲಿ ಅಂಗಡಿ.

“ಹೆಸರು ಮುಚ್ಚಿ ನಂಬರ್ ಹಚ್ರಿ ಅಪ್ಪಾಜಿ. ಯಾವ್ದು ಯಾವ ಇಲೀದು ಅಂತ ನಿಮ್ಮ ಹತ್ರ ಬರದಿಟ್ಕೋರಿ. ನನಗ ಹೇಳಬ್ಯಾಡ್ರಿ.”

“ಇಷ್ಟೇನು? ನಮ್ಮ ಹರಾಜಿನ ಲಾಟ್ ಇದ್ದಂಗ ಬಿಡವಾ. ರೈತನ ಹೆಸರು ಕಂಡ್ರ ಖರೀದಿದಾರ ಮಾಲು ನೋಡೂದಿಲ್ಲ, ಅವನ ಮಾರಿ ನೋಡ್ತಾನ.”

ನಾನು ಎರಡು ವರ್ಷದಲ್ಲಿ ಕಲಿತದ್ದನ್ನು ಅವರು ಒಂದೇ ಮಾತಿನಲ್ಲಿ ಹೇಳಿದ್ದರು! ನಿಶ್ಚಿಂತೆಯಿಂದ ಎಣಿಸತೊಡಗಿದೆ.

ಇಪ್ಪತ್ತರವರೆಗೆ ಸ್ಲೈಡಿನ ತುಂಬ ಕೋಶಗಳು. ಇಪ್ಪತ್ತೊಂದರಿಂದ ಖಾಲಿ ಖಾಲಿ. ಸೂಕ್ಷ್ಮದರ್ಶಕದ ಬಲ್ಬು ಕೆಟ್ಟಿತೆಂದು ಬದಲಿಸಿದೆ. ಕನ್ನಡಕ ಒರೆಸಿದೆ. ಪುನಃ ಎಣಿಸಿದೆ. ಅದೇ! ಸಂಖ್ಯೆ ಹಚ್ಚಿದವರ ಮೇಲೆ ಮಾತ್ರ ಸಂಶಯ ಬರಲಿಲ್ಲ.

ಮೇಡಂ ಪಟ್ಟಿಯನ್ನು ಒಮ್ಮೆ ನೋಡಿದರು, ನನ್ನನ್ನು ಒಮ್ಮೆ ನೋಡಿದರು.

“ಏನವಾ, ಇಲಿಗೋಳು ಇಷ್ಟು ಶಿಸ್ತಿಲೆ ಸಾಲು ಹಚ್ಚ್ಯಾವಲ್ಲ! ನಂಬರ್ ಹಚ್ಚಿದವರು ಯಾರು?”

ಅಲ್ಲಿಂದಲೇ ಫೋನ್ ಮಾಡಿದೆ. ಅಪ್ಪಾಜಿಯ ದನಿ ಕೋಣೆಗೆಲ್ಲ ಕೇಳಿಸಿತು.

“ಮತ್ತ? ಮೆಣಸಿನಕಾಯಿ ಆರಿಸಿದಂಗ ಬೆಳಕಿಗೆ ಹಿಡದು ಬಣ್ಣ ನೋಡಿ ಆರಿಸೇನಿ. ಗಾಢ ಇದ್ದದ್ದು ಮೊದಲ, ಬಣ್ಣ ಹಾರಿದ್ದು ಆಮ್ಯಾಲೆ. ಎಲ್ಲಾ ಕಲಸಿ ಇಡಾಕ ನಾ ಏನು ಮೋಸಗಾರ ಏನು?”

ಮೇಡಂ ನಕ್ಕು ಒಂದು ವಾರ ಕೊಟ್ಟರು. ತಾವೇ ಸ್ಲೈಡುಗಳನ್ನು ಕಲಸಿ ಹೊಸ ಸಂಖ್ಯೆ ಹಚ್ಚಿದರು. ನಾನು ಏಳು ದಿನ ಕತ್ತು ಬಗ್ಗಿಸಿ ಎಣಿಸಿ, ವಿಕಿರಣ ತಾಗಿದವು ಇವೇ ಎಂದು ಬರೆದುಕೊಟ್ಟೆ. ಕೊನೆಗೆ ಹೆಸರುಗಳನ್ನು ಬಿಚ್ಚಿ, ಅಪ್ಪಾಜಿಯ ಹಳೆಯ ಪಟ್ಟಿಯ ಜೊತೆಗೂ ಹೋಲಿಸಿದೆವು. ಪ್ರಬಂಧ ಉಳಿಯಿತು, ಮಾನದ ಬಗ್ಗೆ ಅಷ್ಟು ಖಚಿತವಾಗಿ ಹೇಳಲಾರೆ. ಟ್ಯೂಬ್‌ಲೈಟಿಗೆ ಹಿಡಿದು ಅರ್ಧ ಗಂಟೆಯಲ್ಲಿ ಆರಿಸಿದ ಅಪ್ಪಾಜಿ ತಪ್ಪಿದ್ದು ಎರಡು.

ನಾನು ನಾಲ್ಕು.

“ಇರಲಿ ಬಿಡವಾ,” ಎಂದರು ಅಪ್ಪಾಜಿ. “ಹೊಸಬರಿಗೆ ಅಷ್ಟು ತಪ್ಪತೈತಿ.”