ಕಾಕಾನ ಕ್ಯಾಮೆರಾ ಮತ್ತು ಹಾಲಿನ ಬೋಗಾಣಿ

ನಮ್ಮ ಕಾಕಾ ಜ್ವರ ಬಂದವರನ್ನು "ಹ್ಯಾಂಗದೀರಿ?" ಎಂದು ಕೇಳುವುದಿಲ್ಲ, ಅವರ ಫೋಟೋ ತೆಗೆಯುತ್ತಾನೆ!

ನಗಬೇಡಿ. ಕಾಕಾ ನರಗುಂದದ ಒಂದು ಹತ್ತಿ ಗಿರಣಿಯಲ್ಲಿ ಫಿಟ್ಟರ್. ಹತ್ತಿಯಿಂದ ಬೀಜ ಬಿಡಿಸುವ ಯಂತ್ರದ ಬೇರಿಂಗು ಕಾದರೆ ಬೆಂಕಿಯನ್ನು ಕರೆದು ಕೂರಿಸಿದಂತೆಯೇ. ವರ್ಷಾನುಗಟ್ಟಲೆ ಅವನು ಕೈಯ ಹಿಂಬದಿ ಮುಟ್ಟಿಸಿಯೇ ಕಾವು ಹೇಳುತ್ತಿದ್ದ. ಆ ಕೈ ಮೇಲೆ ಒಂದು ಕೂದಲೂ ಉಳಿದಿರಲಿಲ್ಲ! ಕೊನೆಗೆ ಗಿರಣಿಯ ಸಾವ್ಕಾರರು ಕಾವು ತೋರಿಸುವ ಕ್ಯಾಮೆರಾ ತಂದುಕೊಟ್ಟು, "ಓಡೋ ಮಷಿನ್ನಿಗೆ ಇನ್ನ ಕೈ ಹಚ್ಚಬ್ಯಾಡೋ ಮಾರಾಯಾ" ಎಂದರು. ಸುಡುವುದು ಬಿಳಿ, ಬೆಚ್ಚಗಿನದು ಹಳದಿ, ತಂಪು ನೀಲಿ. ಇಷ್ಟೇ ವಿದ್ಯೆ.

ಅಂದಿನಿಂದ ಯಾರಿಗೂ ನೆಮ್ಮದಿಯಿಲ್ಲ. ಬೀಗರ ಮನೆಗೆ ಹೋದರೂ ಹೆಗಲಲ್ಲಿ ಕ್ಯಾಮೆರಾ. ಅಲ್ಲಿ ಖಾಲಿ ಕುರ್ಚಿಗೆ ಅದನ್ನು ಹಿಡಿದು, "ಈಗಷ್ಟ ಯಾರೋ ಎದ್ದು ಹ್ವಾಗ್ಯಾರ. ನಾ ಬರೋದು ನೋಡಿ ಒಳಗ ಓಡ್ಯಾರ!" ಎಂದ. ನಿಜಕ್ಕೂ ಓಡಿದ್ದ ಬೀಗರು ಹಲ್ಲು ಕಿರಿಯುತ್ತ ಹೊರಬಂದರು.

ಕಾಕಾನ ಹೆಂಡತಿ ಚಿಗವ್ವ ಮಾತ್ರ ಇದಕ್ಕೆಲ್ಲ ಜಗ್ಗುವವಳಲ್ಲ. ಅವಳೂ ಅದೇ ಗಿರಣಿಯಲ್ಲಿ ಯಂತ್ರದ ಪಕ್ಕ ಕುಳಿತು ಹತ್ತಿಯ ಕಸ ಆರಿಸುತ್ತಾಳೆ. ಒಂದು ಮುಂಜಾನೆ ಅವಳು ಒಲೆಯಿಂದ ಇಳಿಸಿದ ಹಾಲಿನ ಸ್ಟೀಲ್ ಬೋಗಾಣಿಗೆ ಕಾಕಾ ಕ್ಯಾಮೆರಾ ಹಿಡಿದ. ನೀಲಿ!

"ತಂಪೈತಿ ತಗೋ" ಎಂದು ಬರಿಗೈಯಲ್ಲಿ ಎತ್ತಿದ.

ಆಮೇಲಿನ ಕೂಗು ಪಕ್ಕದೂರು ಶಿರೋಳದ ತನಕ ಕೇಳಿಸಿತಂತೆ!

ಅವನ ಬೆರಳನ್ನು ತಂಬಿಗೆಯ ನೀರಿಗೆ ಅದ್ದಿಸಿ, ಚಿಗವ್ವ ಕ್ಯಾಮೆರಾದೊಳಗೆ ಇಣುಕಿದಳು. "ಅಲ್ರೀ, ಮಸಿ ಹತ್ತಿದ ತಳಾ ಬೆಳ್ಳಗ ಕಾಣ್ತೈತಿ. ತಿಕ್ಕಿ ಬೆಳಗಿದ್ದ ಮೈ ಅಷ್ಟ ನೀಲಿ. ಹೊಳಿಯೋದು ಕಂಡ್ರ ನಿಮ್ಮಂಗ ಇದೂ ಮಳ್ಳಾಗ್ತೈತಿ!"

"ನಿನ್ನ ಕಡಿಂದ ಕಲೀಬೇಕೇನ್ ನಾ?" ಎಂದ ಕಾಕಾ, ಬೆರಳಿಗೆ ಉಫ್ ಎಂದು ಊದಿಕೊಳ್ಳುತ್ತ.

ಅದೇ ವಾರ ನಾನು ಹತ್ತಿ ತುಂಬಿದ ಅಂಡಿಗೆ ಚೀಲಗಳನ್ನು ಇಳಿಸಲು ಗಿರಣಿಗೆ ಹೋಗಿದ್ದೆ. ಭರ್ತಿ ಸುಗ್ಗಿ. ಕಾಕಾ ಯಂತ್ರಗಳ ಸಾಲಿನುದ್ದಕ್ಕೂ ಕ್ಯಾಮೆರಾ ಹಿಡಿಯುತ್ತ ಬಂದ. ಎಲ್ಲ ಬೇರಿಂಗುಗಳೂ ಹಳದಿ. ಚಿಗವ್ವನ ಪಕ್ಕದ್ದೊಂದೇ ಅಚ್ಚ ನೀಲಿ. ಅದಕ್ಕೆ ಫಳಫಳ ಹೊಳೆಯುವ ಹೊಸ ಸ್ಟೀಲ್ ಮುಚ್ಚಳ ಹಾಕಿದ್ದರು. ಕಾಕಾ ಮುಂದೆ ಹೋದ. ನಿಂತ. ಬೆರಳಿನ ಗುಳ್ಳೆ ನೋಡಿಕೊಂಡ. ಹಿಂದಿರುಗಿ, ವೈರಿಗೆ ಸುತ್ತುವ ಕರಿ ಟೇಪಿನ ತುಂಡೊಂದನ್ನು ಕೋಲಿನ ತುದಿಯಿಂದ ಆ ಮುಚ್ಚಳಕ್ಕೆ ಅಂಟಿಸಿ, ಮತ್ತೆ ಕ್ಯಾಮೆರಾ ಹಿಡಿದ.

ಟೇಪು ಬೆಳ್ಳಗೆ ಉರಿಯುತ್ತಿತ್ತು!

"ಏಳ್ರವಾ! ಹೊರಗ ನಡೀರಿ ಎಲ್ಲಾರೂ!" ಎಂದು ಚೀರಿ ಸ್ವಿಚ್ ಎಳೆದ.

ಸಾವ್ಕಾರರು ಓಡಿಬಂದರು. "ಸುಗ್ಗ್ಯಾಗ ಮಷಿನ್ ಬಂದ್ ಮಾಡ್ತೀಯಲ್ಲೋ, ತಲಿ ಗಿಲಿ ಕೆಟ್ಟೈತೇನು?"

ಕಾವು ಇಳಿದ ಮೇಲೆ ಮುಚ್ಚಳ ಬಿಚ್ಚಿದರು. ಗ್ರೀಸು ಒಣಗಿ ಹಕ್ಕಳೆಯಾಗಿತ್ತು. ಒಳಗೆ ಸುತ್ತಿಕೊಂಡಿದ್ದ ಹತ್ತಿಯ ಎಳೆಗಳು ಆಗಲೇ ಕಂದಿ ಕಮಟು ವಾಸನೆ ಹೊಡೆಯುತ್ತಿದ್ದವು. ಒಂದು ಕಿಡಿ ಬಿದ್ದಿದ್ದರೆ? ಮಗ್ಗುಲಲ್ಲೇ ಆಳೆತ್ತರದ ಅರಳೆಯ ರಾಶಿ! ಸಾವ್ಕಾರರು ಇದ್ದಲ್ಲೇ ಕುಕ್ಕರಿಸಿದರು. ನಮಗೆಲ್ಲ ಹೋದ ಜೀವ ಬಂದಂತಾಯಿತು.

ಕಾಕಾ ಯಾರ ಶಾಭಾಸ್‌ಗಿರಿಗೂ ಕಾಯಲಿಲ್ಲ. ಅಂಗಳದ ಬೇವಿನ ಮರದ ಕೆಳಗೆ ನಿಂತಿದ್ದ ಹೆಂಗಸರ ನಡುವೆ ಚಿಗವ್ವನನ್ನು ಹುಡುಕಿಕೊಂಡು ಹೋದ. ಆ ಕ್ಯಾಮೆರಾ ಗಿರಣಿಯೊಳಗೆ ಎಲ್ಲೋ ಅನಾಥವಾಗಿ ಬಿದ್ದಿತ್ತು. ಎಲ್ಲರೆದುರೇ, ಕೈಯ ಹಿಂಬದಿಯನ್ನು ಮೆಲ್ಲಗೆ ಅವಳ ಗಲ್ಲಕ್ಕೆ ಹಚ್ಚಿದ.

"ಏನ್ರೀ ಇದು, ಮಂದಿ ನೋಡಾಕತ್ತಾರ!"

"ನೋಡವಲ್ಲರ‍್ಯಾಕ, ನೋಡ್ಲಿ ಬಿಡು" ಎಂದ ಕಾಕಾ. ಕೈ ತೆಗೆಯಲಿಲ್ಲ. "ತಂಪೈತಿ. ಈ ಸಲ ಖರೇನ ತಂಪೈತಿ."