ಹಬ್ಬ ಒಂದು, ಪುಢಾರಿಗಳು ಇಬ್ಬರು

ಹಬ್ಬ ಮಾಡುವುದು ದೇವರಿಗೆ ಎಂದು ನಂಬಿದವರು ಚುನಾವಣೆಯ ವರ್ಷ ಹಳ್ಳಿಯಲ್ಲಿದ್ದು ನೋಡಬೇಕು. ತೊಂಬತ್ತರ ದಶಕದಲ್ಲಿ ಧಾರವಾಡದಿಂದ ವರ್ಗವಾಗಿ, ನಾಗಪುರದ ಕಡೆ ಕಾಮಠಿ ಹತ್ತಿರದ ಒಂದು ಹಳ್ಳಿಗೆ ಬ್ಯಾಂಕ್ ಮ್ಯಾನೇಜರನಾಗಿ ಹೋದೆ. ಊರಿಗೆ ಒಬ್ಬ ಸರಪಂಚ, ಅಂದರೆ ಪಂಚಾಯಿತಿ ಅಧ್ಯಕ್ಷ; ಅವನ ಎದುರು ಸೋತ ಒಬ್ಬ ಮಾಜಿ ಸರಪಂಚ. ಹಬ್ಬ ಬಂದರೆ ಇಬ್ಬರಿಗೂ ಮೈಮೇಲೆ ದೇವರು ಬರುತ್ತಿತ್ತು.

ಮೊದಲ ಜೋಡಿ

ನಮ್ಮ ಕಾರಹುಣ್ಣಿಮೆಯಂತೆ ಅಲ್ಲಿ ಶ್ರಾವಣದ ಅಮಾವಾಸ್ಯೆಗೆ ಪೋಳಾ, ಎತ್ತುಗಳ ಹಬ್ಬ. ಮಾವಿನ ತೋರಣದ ಕೆಳಗೆ ಯಾರ ಜೋಡಿ ಮೊದಲು ಹಾಯುತ್ತದೋ ಅವರೇ ಊರಿಗೆ ದೊಡ್ಡವರು. ಆ ವರ್ಷ ಇಬ್ಬರೂ ಒಟ್ಟಿಗೇ ಬಂದು ನಿಂತರು, ಯಾರೂ ಹಿಂದೆ ಸರಿಯಲಿಲ್ಲ. ಪೂಜಾರಿ ಮೆಲ್ಲಗೆ ಜಾರಿಕೊಂಡ. ಪರವೂರಿನವನೆಂದು ತೀರ್ಮಾನ ನನ್ನ ತಲೆಗೆ ಬಂತು. ಇವರದೊಂದು, ಅವರದೊಂದು ಎತ್ತು ಸೇರಿಸಿ ಹೂಡಿರಿ ಎಂದೆ. ಎಲ್ಲರೂ ತಲೆದೂಗಿದರು. ಎತ್ತುಗಳು ಮಾತ್ರ ಒಂದು ಎಡಕ್ಕೆ, ಇನ್ನೊಂದು ಬಲಕ್ಕೆ ಎಳೆದು ತೋರಣವನ್ನೇ ಕೆಡವಿದವು.

ಪಕ್ಕದಲ್ಲಿದ್ದ ಮುದುಕ ನಿಟ್ಟುಸಿರು ಬಿಟ್ಟ: “ಸಾಹೇಬ್ರ, ಮಂದಿ ಪಕ್ಷ ಬಿಟ್ಟಾರು, ದನ ಬಿಡಂಗಿಲ್ಲ.”

ಅರಿಶಿನ-ಕುಂಕುಮ

ಸಂಕ್ರಾಂತಿಗೆ ಸರಪಂಚನ ಹೆಂಡತಿ ಊರ ಹೆಂಗಸರನ್ನೆಲ್ಲ ಅರಿಶಿನ-ಕುಂಕುಮಕ್ಕೆ ಕರೆದಳು. ನನ್ನ ಹೆಂಡತಿಯೂ ಹೋದಳು. ಎಳ್ಳುಂಡೆ, ಕುಂಕುಮ, ಜೊತೆಗೆ ಒಂದು ಸ್ಟೀಲ್ ಡಬ್ಬಿ. ಡಬ್ಬಿ ಕೈಗಿಡುತ್ತ ಆಕೆ, ಈ ಸಲವೂ ನಮ್ಮವರನ್ನು ಮರೀಬೇಡಿ ಎಂದಳು. ಸುಳ್ಳು ಹೇಳಿ ಗೊತ್ತಿಲ್ಲದ ನನ್ನ ಹೆಂಡತಿ, ನಮ್ಮ ಹೆಸರು ಇನ್ನೂ ಧಾರವಾಡದ ಮತದಾರರ ಪಟ್ಟಿಯಲ್ಲೇ ಇದೆ ಎಂದುಬಿಟ್ಟಳು.

ಸರಪಂಚನ ಹೆಂಡತಿ ನಗುನಗುತ್ತಲೇ ಡಬ್ಬಿ ವಾಪಸು ತಗೊಂಡಳಂತೆ: “ಹಂಗಾರ ಕುಂಕುಮ ಅಷ್ಟ ಇರ್ಲಿ ಬಿಡ್ರಿ.”

ಬಡಗ್ಯಾ

ಪೋಳಾದ ಮಾರನೆಯ ದಿನ ನಾಗಪುರದಲ್ಲಿ, ಜನರನ್ನು ಕಾಡುವ ಪೀಡೆಯ ಬೊಂಬೆ ಮಾಡಿ, ಮೆರೆಸಿ ಸುಡುತ್ತಾರೆ. ಅದಕ್ಕೆ ಬಡಗ್ಯಾ ಎಂದು ಹೆಸರು. ಒಂದು ವರ್ಷ ನಮ್ಮ ಹಳ್ಳಿಯ ತರುಣರೂ ಮಾಡಿದರು. ಊರ ಬೋರ್‌ವೆಲ್ ಕೆಟ್ಟು ಬೇಸಿಗೆಯೆಲ್ಲ ಹೆಂಗಸರು ನೀರಿಗೆ ಅಲೆದಿದ್ದರು. ಹಾಗಾಗಿ ಬೊಂಬೆಗೆ ಸರಪಂಚನ ಮೀಸೆ, ಸರಪಂಚನ ಟೋಪಿ. ಸರಪಂಚ ಬಾಗಿಲು ಹಾಕಿಕೊಂಡು ಒಳಗೇ ಕುಳಿತ. ಊರಾಚೆ ಬೊಂಬೆ ಧಗಧಗ ಉರಿಯಿತು.

ಮಧ್ಯಾಹ್ನ ಮಾಜಿ ಸರಪಂಚ ಬ್ಯಾಂಕಿಗೆ ಬಂದ. ಪೇಢೆ ಹಂಚಲು ಬಂದನೇನೋ ಎಂದುಕೊಂಡೆ. ನೋಡಿದರೆ ಮುಖ ಬಾಡಿತ್ತು. ಚಹಾ ತರಿಸಿದರೆ ಮುಟ್ಟಲಿಲ್ಲ. ವೈರಿಯನ್ನೇ ಸುಟ್ಟರಲ್ಲ, ಇನ್ನೇನು ಚಿಂತೆ ಎಂದು ಕೇಳಿದೆ.

ಅವನ ಕಣ್ಣಲ್ಲಿ ನೀರಾಡಿತು.

“ಅವನೊಬ್ಬನನ್ನ ಸುಟ್ರಲ್ರಿ ಸಾಹೇಬ್ರ. ಐದು ವರ್ಷ ನಾನೂ ಸರಪಂಚ ಇದ್ದೆ. ಈ ಊರಿಗೆ ನಾನೇನು ಕಡಿಮೆ ಕಾಟ ಕೊಟ್ಟೀನೇನ್ರಿ?”